ಟ್ರಯಲ್‌ನಲ್ಲಿ ಸರಿಯಿದ್ದ ಹಲ್ಲಿನ ಸೆಟ್ ಆಮೇಲೆ ಯಾಕೆ ಬದಲಾಗುತ್ತದೆ?

“ಟ್ರಯಲ್ ನೋಡಿದ ದಿನ ಹಲ್ಲು ಎರಡೂ ಕಡೆ ಚೆನ್ನಾಗಿ ಕೂಡ್ತಿತ್ತಲ್ಲಪ್ಪಾ. ಈಗ ಹಿಂದಿನ ಹಲ್ಲೇ ಮೊದಲು ತಾಗುತ್ತೆ, ಮುಂದೆ ಸಂದಿ ಉಳ್ಕೊಳುತ್ತೆ. ಬೇರೆಯವರ ಸೆಟ್ ಏನಾದ್ರೂ ಕೊಟ್ಬಿಟ್ರಾ?”

ಹಲ್ಲಿನ ಸೆಟ್ ಮಾಡುವ ಕೆಲಸದಲ್ಲಿರುವ ಯಾರನ್ನೇ ಕೇಳಿ, ಇಂಥ ಮಾತನ್ನು ಯಾರಾದರೂ ಒಬ್ಬ ಅಜ್ಜಿಯ ಬಾಯಲ್ಲಿ ಕೇಳಿಯೇ ಇರುತ್ತಾರೆ. ನಾನೂ ಕೇಳಿದ್ದೇನೆ. ಸೆಟ್ ಬೇರೆಯವರದ್ದಲ್ಲ. ಅದೇ ಹಲ್ಲು, ಅದೇ ಅಳತೆ. ಆದರೆ ಟ್ರಯಲ್ ದಿನ ಆ ಹಲ್ಲುಗಳು ಮೇಣದಲ್ಲಿ ನಿಂತಿದ್ದವು, ಈಗ ಗಟ್ಟಿ ಪ್ಲಾಸ್ಟಿಕ್ಕಾದ ಅಕ್ರಿಲಿಕ್‌ನಲ್ಲಿ ನಿಂತಿವೆ. ಮೇಣ ಹೋಗಿ ಅಕ್ರಿಲಿಕ್ ಬರುವ ಆ ಒಂದು ದಿನದಲ್ಲಿ, ಲ್ಯಾಬಿನ ಮುಚ್ಚಿದ ಡಬ್ಬಿಯೊಳಗೆ, ಸೆಟ್ ಒಂಚೂರು ಕುಗ್ಗಿದೆ, ಒಂಚೂರು ಎದ್ದಿದೆ, ಒಂಚೂರು ತಿರುಚಿಕೊಂಡಿದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬಾಯಿಗೆ ಮಾತ್ರ ಗೊತ್ತಾಗುತ್ತದೆ.

ಇದಕ್ಕೆ ಯಾವಾಗಲೂ ಲ್ಯಾಬಿನವರ ಅಜಾಗರೂಕತೆಯೇ ಕಾರಣ ಅಂದುಕೊಳ್ಳಬೇಡಿ. ಅಕ್ರಿಲಿಕ್ ಎಂಬ ವಸ್ತು ಕುಗ್ಗಿಯೇ ಕುಗ್ಗುತ್ತದೆ. ಅದು ಯಾವಾಗ ಕುಗ್ಗಬೇಕು, ಎಲ್ಲಿ ಕುಗ್ಗಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಸೆಟ್ ಮಾಡುವ ಹಳೆಯ ಹೊಸ ವಿಧಾನಗಳೆಲ್ಲ ಸುತ್ತಿ ಬಳಸಿ ಈ ಒಂದು ಪ್ರಶ್ನೆಗೇ ಉತ್ತರ ಹುಡುಕುತ್ತಿವೆ.

ಕಾಲು ಮಿಲಿಮೀಟರಿನ ಜಗಳ

ಮೊದಲು, ಎಷ್ಟು ಬದಲಾವಣೆಯ ಬಗ್ಗೆ ಮಾತಾಡುತ್ತಿದ್ದೇವೆ ಅಂತ ನೋಡೋಣ.

ಮೇಲಿನ ದವಡೆಯ ಪೂರ್ತಿ ಸೆಟ್ಟನ್ನು ಹಿಡಿದಿಡಲು ಸ್ಕ್ರೂ ಇಲ್ಲ, ಅಂಟಿಲ್ಲ. ಅದು ನಿಲ್ಲುವುದು ಮುಖ್ಯವಾಗಿ ಎಂಜಲಿನಿಂದ. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ ನೋಡಿ. ಪಕ್ಕಕ್ಕೆ ಜಾರಿಸಬಹುದು, ಆದರೆ ನೇರವಾಗಿ ಎಳೆದು ಬಿಡಿಸುವುದು ಕಷ್ಟ. ಸೆಟ್ಟಿನಲ್ಲೂ ಅದೇ ಕಥೆ. ವಸಡಿಗೂ ಸೆಟ್ಟಿಗೂ ನಡುವೆ ಎಂಜಲಿನ ಪದರ ಎಷ್ಟು ತೆಳುವಾಗಿರುತ್ತದೋ ಹಿಡಿತ ಅಷ್ಟು ಗಟ್ಟಿ. ಆ ಪದರ ಎಲ್ಲೋ ಒಂದು ಕಡೆ ದಪ್ಪವಾಯಿತು ಅಂದರೆ, ಅದರಲ್ಲೂ ಹಿಂದಿನ ಅಂಚಿನಲ್ಲಿ, ಗಾಳಿ ಒಳಗೆ ನುಗ್ಗುತ್ತದೆ. ಆಮೇಲೆ ಒಂದು ಆಕಳಿಕೆ ಸಾಕು, ಸೆಟ್ ಕೆಳಗೆ ಬೀಳುತ್ತದೆ.

ಈಗ ಲೆಕ್ಕ. ಒಂದು ಕಡೆಯ ದವಡೆ ಹಲ್ಲಿನಿಂದ ಇನ್ನೊಂದು ಕಡೆಯ ದವಡೆ ಹಲ್ಲಿಗೆ ಹೆಚ್ಚುಕಡಿಮೆ 50 ಮಿಲಿಮೀಟರ್ ದೂರ ಅಂತಿಟ್ಟುಕೊಳ್ಳಿ. ಮಾಮೂಲಿ ಹೀಟ್ ಕ್ಯೂರ್ ಅಕ್ರಿಲಿಕ್, ಅಂದರೆ ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡುವಂಥದ್ದು, ಉದ್ದದಲ್ಲಿ ಸುಮಾರು ಶೇಕಡ ಅರ್ಧದಷ್ಟು ಕುಗ್ಗುತ್ತದೆ. ಅಂದರೆ ಕಾಲು ಮಿಲಿಮೀಟರ್. ಎರಡು ಮೂರು ಕೂದಲು ಪಕ್ಕಪಕ್ಕ ಇಟ್ಟಷ್ಟು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ವಸಡು ಮೆತ್ತಗಿರುವುದರಿಂದ ಇದರಲ್ಲಿ ಸ್ವಲ್ಪವನ್ನು ಅದು ಸಹಿಸಿಕೊಳ್ಳುತ್ತದೆ. ಆದರೆ ಈ ಕಾಲು ಮಿಲಿಮೀಟರ್ ಎಲ್ಲ ಕಡೆಗೂ ಸಮವಾಗಿ ಹಂಚಿಹೋಗುವುದಿಲ್ಲ. ಒಂದೆರಡು ಜಾಗದಲ್ಲೇ ಬಂದು ಕೂರುತ್ತದೆ. ಅಲ್ಲಿಂದ ತೊಂದರೆ ಶುರು.

ರಬ್ಬರಿನಿಂದ ಅಕ್ರಿಲಿಕ್‌ಗೆ

ಅಕ್ರಿಲಿಕ್ ಬರುವ ಮೊದಲು ಸೆಟ್ ಮಾಡುತ್ತಿದ್ದದ್ದು ವಲ್ಕನೈಟ್‌ನಲ್ಲಿ, ಅಂದರೆ ಗಂಧಕ ಸೇರಿಸಿ ಬೇಯಿಸಿದ ಗಟ್ಟಿ ರಬ್ಬರಿನಲ್ಲಿ. ಟೈರ್ ಕಂಪನಿಯೊಂದು ಆಮೇಲೆ ಯಾರ ಹೆಸರಿಟ್ಟುಕೊಂಡಿತೋ ಆ ಗುಡ್‌ಇಯರ್ ಮನೆತನದ್ದೇ ಶೋಧ ಅದು. ಅಮೆರಿಕದಲ್ಲಿ ಅದರ ಪೇಟೆಂಟ್ ಹಿಡಿದ ಕಂಪನಿ ಒಬ್ಬೊಬ್ಬ ದಂತವೈದ್ಯನಿಂದಲೂ ಹಣ ವಸೂಲಿ ಮಾಡುತ್ತಿತ್ತು. ಕೊಡದವರನ್ನು ಕೋರ್ಟಿಗೆ ಎಳೆಯುತ್ತಿದ್ದ ಅದರ ಅಧಿಕಾರಿ ಜೊಸೈಯಾ ಬೇಕನ್‌ನನ್ನು 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ಗುಂಡಿಟ್ಟು ಕೊಂದ. ಹಲ್ಲಿನ ಸೆಟ್ಟಿಗಾಗಿ ಕೊಲೆ! ನಮ್ಮ ವೃತ್ತಿಯ ಚರಿತ್ರೆಯಲ್ಲಿ ಇಷ್ಟು ರೋಚಕವಾದದ್ದು ಇನ್ನೊಂದಿಲ್ಲ.

1937ರ ಹೊತ್ತಿಗೆ ಪಾಲಿಮೀಥೈಲ್ ಮೆಥಾಕ್ರಿಲೇಟ್ ಬಂತು. ನಾವು ಅಕ್ರಿಲಿಕ್ ಅನ್ನುವುದು ಇದಕ್ಕೇ. ವಿಮಾನದ ಕಿಟಕಿಗೆ ಬಳಸುವ ಪ್ಲೆಕ್ಸಿಗ್ಲಾಸ್‌ನ ಬಂಧು. ವಸಡಿನಂಥ ಗುಲಾಬಿ ಬಣ್ಣ ಬರುತ್ತದೆ, ಅಗ್ಗ, ಮುರಿದರೆ ರಿಪೇರಿ ಸುಲಭ. ಹತ್ತೇ ವರ್ಷದಲ್ಲಿ ವಲ್ಕನೈಟ್ ಮೂಲೆಗೆ ಸೇರಿತು.

ಡಬ್ಬಿಯೊಳಗೆ ಏನು ನಡೆಯುತ್ತದೆ

ಹೆಚ್ಚಿನ ಲ್ಯಾಬುಗಳಲ್ಲಿ ಈಗಲೂ ನಡೆಯುವುದು ಪ್ಯಾಕಿಂಗ್ ವಿಧಾನ. ಟ್ರಯಲ್ ಮುಗಿದ ಮೇಣದ ಸೆಟ್ಟನ್ನು ಅದರ ಕಲ್ಲಿನಚ್ಚಿನ (ಬಾಯಿಯ ಅಳತೆಯಿಂದ ಎರೆದ ಗಟ್ಟಿ ಮಾದರಿ) ಸಮೇತ ಹಿತ್ತಾಳೆಯ ಫ್ಲಾಸ್ಕಿನಲ್ಲಿಟ್ಟು ಪ್ಲಾಸ್ಟರ್ ತುಂಬುತ್ತೇವೆ. ಫ್ಲಾಸ್ಕ್ ಎರಡು ಹೋಳಿನ ಡಬ್ಬಿ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದು ಬಿಚ್ಚಿದರೆ ಮೇಣ ಮೆತ್ತಗಾಗಿರುತ್ತದೆ. ಕುದಿನೀರು ಹಾಕಿ ಅದನ್ನು ತೊಳೆದುಬಿಡುತ್ತೇವೆ. ಹಲ್ಲುಗಳು ಮೇಲಿನ ಹೋಳಿನ ಪ್ಲಾಸ್ಟರಿನಲ್ಲಿ ಕಚ್ಚಿಕೊಂಡು ಉಳಿಯುತ್ತವೆ. ಮೇಣವಿದ್ದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಅಕ್ರಿಲಿಕ್ ತುಂಬಬೇಕು.

ಅಕ್ರಿಲಿಕ್ ಬರುವುದು ಪುಡಿ ಮತ್ತು ದ್ರವವಾಗಿ. ಗಾತ್ರದ ಅಳತೆಯಲ್ಲಿ ಮೂರು ಪಾಲು ಪುಡಿಗೆ ಒಂದು ಪಾಲು ದ್ರವ. ಪುಡಿ ಆಗಲೇ ಪಾಲಿಮರ್ ಆಗಿರುವಂಥದ್ದು, ಅಂದರೆ ಅಣುಗಳು ಸರಪಳಿಯಾಗಿ ಕೂಡಿಕೊಂಡಿರುವಂಥದ್ದು; ದ್ರವ ಇನ್ನೂ ಮಾನೊಮರ್, ಅಂದರೆ ಬಿಡಿ ಅಣುಗಳು. ಕಲಸಿದ ಮೇಲೆ ಅದು ಒಂದೊಂದೇ ಹದ ದಾಟುತ್ತದೆ. ಮೊದಲು ನೆನೆದ ಮರಳಿನ ಹಾಗಿರುತ್ತದೆ. ಆಮೇಲೆ ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ, ಥೇಟ್ ಸಕ್ಕರೆ ಪಾಕ. ಆಮೇಲೆ ಚಪಾತಿ ಹಿಟ್ಟಿನ ಹದ: ಬಟ್ಟಲಿಗೆ ಅಂಟುವುದಿಲ್ಲ, ಕೈಯಲ್ಲಿ ಉಂಡೆ ಕಟ್ಟಬಹುದು. ತುಂಬಬೇಕಾದದ್ದು ಈ ಹದದಲ್ಲೇ. ಇದನ್ನು ಬಿಟ್ಟರೆ ರಬ್ಬರಿನ ಹಾಗಾಗುತ್ತದೆ, ಒತ್ತಿದರೂ ಹರಡುವುದಿಲ್ಲ. ಅಡುಗೆ ಗೊತ್ತಿರುವವರಿಗೆ ಈ ಕೆಲಸ ಬೇಗ ಹಿಡಿಸುತ್ತದೆ ಅನ್ನುವುದು ನನ್ನ ಅನುಭವ. ಗಡಿಯಾರಕ್ಕಿಂತ ಕೈಗೇ ಮೊದಲು ಹದ ಗೊತ್ತಾಗುತ್ತದೆ.

ತುಂಬಿದ ಮೇಲೆ ಪ್ರೆಸ್‌ನಲ್ಲಿಟ್ಟು ನಿಧಾನಕ್ಕೆ ಒತ್ತುತ್ತೇವೆ. ಹೆಚ್ಚಾದದ್ದು ಹೊರಗೆ ತೆಳ್ಳಗೆ ಹರಿಯುತ್ತದೆ. ಅದಕ್ಕೆ ಫ್ಲಾಶ್ ಅನ್ನುತ್ತೇವೆ. ನಡುವೆ ಪಾಲಿಥಿನ್ ಹಾಳೆ ಇಟ್ಟು ಎರಡು ಮೂರು ಸಲ ಮುಚ್ಚಿ ಬಿಚ್ಚಿ ಈ ಫ್ಲಾಶ್ ಕತ್ತರಿಸುತ್ತಾ ಹೋಗುತ್ತೇವೆ. ಕೊನೆಗೆ ಹಾಳೆ ತೆಗೆದು, ಫ್ಲಾಸ್ಕಿನ ಎರಡೂ ಹೋಳು ಲೋಹಕ್ಕೆ ಲೋಹ ತಾಗುವಂತೆ ಮುಚ್ಚಿ, ಕ್ಲಾಂಪ್ ಬಿಗಿದು, ಬಿಸಿನೀರಿನ ತೊಟ್ಟಿಯಂಥ ಅಕ್ರಿಲೈಸರ್‌ನ ನೀರಿಗೆ ಇಳಿಸುತ್ತೇವೆ. 74 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 9 ಗಂಟೆ ಬೇಯಿಸುವುದು ಒಂದು ಕ್ರಮ. 74ರಲ್ಲಿ 2 ಗಂಟೆ, ಆಮೇಲೆ ಕುದಿಯುವ ನೀರಿನಲ್ಲಿ 1 ಗಂಟೆ ಅನ್ನುವುದು ಚಿಕ್ಕ ಕ್ರಮ.

ನೇರವಾಗಿ ಕುದಿಸಿದರೆ ಏನಾಗುತ್ತದೆ? ಮಾನೊಮರ್ ಕುದಿಯುವುದು ಸುಮಾರು 100 ಡಿಗ್ರಿಯಲ್ಲಿ. 60 ಡಿಗ್ರಿ ದಾಟಿದ ಮೇಲೆ ಪಾಲಿಮರ್ ಆಗುವ ಕ್ರಿಯೆ ಜೋರಾಗುತ್ತದೆ, ಆ ಕ್ರಿಯೆಯೇ ಶಾಖ ಹುಟ್ಟಿಸುತ್ತದೆ. ದಪ್ಪ ಭಾಗದಲ್ಲಿ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಬಿಸಿ ಸುತ್ತಲಿನ ನೀರಿಗಿಂತಲೂ ಮೇಲೇರುತ್ತದೆ. ಮಾನೊಮರ್ ಅಲ್ಲೇ ಕುದಿದು ಗುಳ್ಳೆಯಾಗುತ್ತದೆ. ಪಾಲಿಶ್ ಮಾಡುವಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ, ಯಾರೋ ಅವಸರ ಮಾಡಿದ್ದಾರೆ ಅಂತ ಅರ್ಥ.

ಕುಗ್ಗುವುದು ಎರಡು ಸಲ

ಚಳಿಗಾಲದಲ್ಲಿ ಡಬ್ಬಿಯ ತುಪ್ಪ ಗಟ್ಟಿಯಾದಾಗ ನೋಡಿದ್ದೀರಾ? ಮಧ್ಯದಲ್ಲಿ ಗುಳಿ ಬಿದ್ದಿರುತ್ತದೆ. ಅಂಚು ಮೊದಲು ಹೆಪ್ಪುಗಟ್ಟುತ್ತದೆ, ಮಧ್ಯದ್ದು ಕೊನೆಗೆ. ಕುಗ್ಗಿದ್ದರ ನಷ್ಟವೆಲ್ಲ ಆ ಕೊನೆಯ ಜಾಗದ ಪಾಲಿಗೆ ಬರುತ್ತದೆ. ಈ ಗುಳಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ರಿಲಿಕ್ ಕುಗ್ಗುವುದು ಎರಡು ಕಾರಣಕ್ಕೆ. ಮೊದಲನೆಯದು ರಾಸಾಯನಿಕ. ಮಾನೊಮರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.94 ಗ್ರಾಂ, ಅದೇ ಪಾಲಿಮರ್ ಆದಾಗ 1.19 ಗ್ರಾಂ. ಬಿಡಿಬಿಡಿಯಾಗಿದ್ದ ಅಣುಗಳು ಕೈ ಕೈ ಹಿಡಿದು ಹತ್ತಿರ ಬಂದಷ್ಟೂ ಜಾಗ ಕಡಿಮೆ ಸಾಕು. ಬರೀ ದ್ರವವನ್ನೇ ಗಟ್ಟಿ ಮಾಡಿದರೆ ಗಾತ್ರ ಶೇಕಡ 21ರಷ್ಟು ಕುಗ್ಗುತ್ತದೆ. ಹಾಗಾದರೆ ಸೆಟ್ ಆಗುವ ಮಾತೇ ಇಲ್ಲ. ಅದಕ್ಕೇ ಪುಡಿ ಸೇರಿಸುವುದು. ಪುಡಿ ಆಗಲೇ ಕುಗ್ಗಿ ಮುಗಿದಿರುವಂಥದ್ದು. ಕಲಸಿದ ಹಿಟ್ಟಿನಲ್ಲಿ ಮಾನೊಮರ್ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟಿದ್ದರೆ ಗಾತ್ರದ ಕುಗ್ಗುವಿಕೆ ಶೇಕಡ 7ಕ್ಕೆ ಇಳಿಯುತ್ತದೆ. ಹಿಟ್ಟು ಹದವಾಗಲಿ ಅಂತ ಸುಮ್ನೆ ಇನ್ನೊಂದಿಷ್ಟು ದ್ರವ ಸುರಿಯುವವರು ಈ ಲೆಕ್ಕ ನೋಡಬೇಕು.

ಗಾತ್ರದಲ್ಲಿ ಶೇಕಡ 7 ಅಂದರೆ ಉದ್ದದಲ್ಲಿ ಶೇಕಡ 2ಕ್ಕಿಂತ ಜಾಸ್ತಿ. ಆದರೆ ಮುಗಿದ ಸೆಟ್ಟನ್ನು ಅಳೆದರೆ ಸಿಗುವುದು ಶೇಕಡ ಅರ್ಧವೋ, ಅದಕ್ಕೂ ಕಡಿಮೆಯೋ. ಉಳಿದದ್ದು ಎಲ್ಲಿ ಹೋಯಿತು?

ಉತ್ತರ ಇದು: ಈ ಕುಗ್ಗುವಿಕೆಯ ಬಹುಪಾಲು ನಡೆಯುವಾಗ ಹಿಟ್ಟು ಇನ್ನೂ ಮೆತ್ತಗಿರುತ್ತದೆ. ಮೇಲಿನಿಂದ ಕ್ಲಾಂಪಿನ ಒತ್ತಡವೂ ಇರುತ್ತದೆ. ಹಿಟ್ಟು ಹರಿದು ಸರಿದು ಅಚ್ಚಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಆ ನಷ್ಟ ಎಲ್ಲ ಮೈಗೂ ಹಂಚಿಹೋಗುತ್ತದೆ.

ಎರಡನೆಯ ಕುಗ್ಗುವಿಕೆ ಶುರುವಾಗುವುದು ಅಕ್ರಿಲಿಕ್ ಗಟ್ಟಿಯಾದ ಮೇಲೆ, ತಣ್ಣಗಾಗುವಾಗ. ಇದು ಬರೀ ಶಾಖದ ಲೆಕ್ಕ. ಅಕ್ರಿಲಿಕ್ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 81 ಪಾಲಿನಷ್ಟು ಕುಗ್ಗುತ್ತದೆ. 75 ಡಿಗ್ರಿಯಿಂದ 20 ಡಿಗ್ರಿಗೆ ಬಂದರೆ 55 ಡಿಗ್ರಿ ಇಳಿದ ಹಾಗಾಯಿತು. ಗುಣಿಸಿ ನೋಡಿ, ಶೇಕಡ 0.44 ಬರುತ್ತದೆ. ಅಜ್ಜಿಯ ಸೆಟ್ಟಿನಲ್ಲಿ ಕಂಡ ಬದಲಾವಣೆಯ ಮುಖ್ಯ ಪಾಲು ಇದೇ. ಈಗ ಹರಿದು ಸರಿದು ಹಂಚಿಕೊಳ್ಳಲು ಅಕ್ರಿಲಿಕ್ ಮೆತ್ತಗಿಲ್ಲ. ಒಳಗಿರುವ ಕಲ್ಲಿನಚ್ಚು ಅಷ್ಟೊಂದು ಕುಗ್ಗುವುದಿಲ್ಲ. ಅಕ್ರಿಲಿಕ್ ಕುಗ್ಗಬೇಕು ಅನ್ನುತ್ತದೆ, ಅಚ್ಚು ಬಿಡುವುದಿಲ್ಲ. ಕುಗ್ಗಲಾರದೆ ಉಳಿದದ್ದು ಒಳಗೇ ಬಿಗುವಾಗಿ ಕೂರುತ್ತದೆ. ಸೆಟ್ಟನ್ನು ಅಚ್ಚಿನಿಂದ ಬಿಡಿಸಿದ ಕ್ಷಣ ಆ ಬಿಗುವು ಬಿಚ್ಚಿಕೊಂಡು ಸೆಟ್ ತಿರುಚುತ್ತದೆ.

ಎಲ್ಲಿ ತಿರುಚುತ್ತದೆ? ಒಂದು ಬಾಣಲೆಯೊಳಗೆ ಒದ್ದೆ ಬಟ್ಟೆ ಹಾಸಿ, ಅಂಚುಗಳನ್ನು ಬಾಣಲೆಯ ಹೊರಗೆ ಮಡಚಿ ಕಟ್ಟಿದ್ದೀರಿ ಅಂದುಕೊಳ್ಳಿ. ಬಟ್ಟೆ ಒಣಗಿ ಕುಗ್ಗಿದರೆ ಅಂಚು ಇನ್ನೂ ಬಿಗಿಯಾಗುತ್ತದೆ, ತಳ ಮೇಲೇಳುತ್ತದೆ. ಮೇಲಿನ ಸೆಟ್ಟಿನಲ್ಲೂ ಹೀಗೇ. ಅದು ವಸಡಿನ ದಿಂಡನ್ನು ಹೊರಗಿನಿಂದ ತಬ್ಬಿಕೊಂಡಿರುತ್ತದೆ. ಕುಗ್ಗಿದಾಗ ಹೊರಗಿನ ರೆಕ್ಕೆಗಳು ದಿಂಡನ್ನು ಒತ್ತುತ್ತವೆ, ಅಂಗುಳಿನ ನಡುಭಾಗ ಅಚ್ಚು ಬಿಟ್ಟು ಏಳುತ್ತದೆ. ಮುಂದುಗಡೆಯೂ ಇಂಥ ರೆಕ್ಕೆಯ ಆಸರೆಯಿದೆ, ಹಿಂದೆ ಇಲ್ಲ. ಹಾಗಾಗಿ ಹಿಂದಿನ ಅಂಚಿನ ಮಧ್ಯದಲ್ಲೇ ಸಂದಿ ಎಲ್ಲಕ್ಕಿಂತ ದೊಡ್ಡದು. ಎಂಜಲಿನ ಪದರ ತೆಳುವಾಗಿ ಇರಲೇಬೇಕಾದ ಜಾಗವೇ ಅದು. ನಮ್ಮ ಗ್ರಹಚಾರ ನೋಡಿ!

ಹಳಬರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಅಚ್ಚಿನ ಮೇಲೆ, ಹಿಂದಿನ ಅಂಚು ಬರುವ ಕಡೆ, ಸಣ್ಣ ಉಪಕರಣದಿಂದ ಮಿಲಿಮೀಟರಿನ ಆಸುಪಾಸು ಕೆರೆದುಬಿಡುತ್ತಾರೆ. ಅಲ್ಲಿ ಅಕ್ರಿಲಿಕ್ ತುಂಬಿ ಸಣ್ಣ ದಿಬ್ಬವಾಗುತ್ತದೆ. ಬಾಯಲ್ಲಿ ಆ ದಿಬ್ಬ ಮೆತ್ತನೆಯ ಅಂಗುಳನ್ನು ಒತ್ತಿಕೊಂಡು ಕೂರುತ್ತದೆ, ಎದ್ದ ಸಂದಿ ಮುಚ್ಚಿಹೋಗುತ್ತದೆ. ಪೋಸ್ಟ್ ಡ್ಯಾಮ್ ಅನ್ನುತ್ತೇವೆ. ಕುಗ್ಗುವುದನ್ನು ತಡೆಯಲಾಗದಿದ್ದರೆ ಅದಕ್ಕೆ ಮೊದಲೇ ಜಾಗ ಮಾಡಿಕೊಡುವುದು.

ನಲ್ಲಿಯ ಕೆಳಗೆ ಹಿಡಿದ ಫ್ಲಾಸ್ಕ್

ಓದುವಾಗ ನಾನೂ ಒಂದು ಎಡವಟ್ಟು ಮಾಡಿದ್ದೆ. ಮರುದಿನ ಬೆಳಿಗ್ಗೆ ಸೆಟ್ ತೋರಿಸಬೇಕಿತ್ತು. ಅಕ್ರಿಲೈಸರ್‌ನಿಂದ ತೆಗೆದ ಫ್ಲಾಸ್ಕನ್ನು ಬಟ್ಟೆಯಲ್ಲಿ ಹಿಡಿದು ಸೀದಾ ನಲ್ಲಿಯ ಕೆಳಗಿಟ್ಟೆ. ಚುಯ್ ಅಂತ ಹಬೆ. ಹತ್ತು ನಿಮಿಷಕ್ಕೆ ಬಿಚ್ಚಿಯೂ ಆಯಿತು. ಸೆಟ್ ನೋಡಲು ಚೆನ್ನಾಗಿಯೇ ಇತ್ತು. ಮೇಷ್ಟ್ರು ಅದನ್ನು ಮತ್ತೆ ಅಚ್ಚಿನ ಮೇಲೆ ಕೂರಿಸಿ, ಒಂದು ಕಡೆ ಬೆರಳಲ್ಲಿ ಒತ್ತಿದರು. ಇನ್ನೊಂದು ಕಡೆ ಎದ್ದಿತು. ಟಕ್. ಇತ್ತ ಒತ್ತಿದರು, ಅತ್ತ ಎದ್ದಿತು. ಟಕ್. ಆಮೇಲೆ ನನ್ನ ರೆಕಾರ್ಡ್ ಪುಸ್ತಕದಿಂದ ಒಂದು ಹಾಳೆ ಹರಿದು, ಹಿಂದಿನ ಅಂಚಿನ ಕೆಳಗೆ ತೂರಿಸಿದರು. ಹಾಳೆ ಸರಾಗವಾಗಿ ಒಳಗೆ ಹೋಯಿತು. ಅವರು ಏನೂ ಹೇಳಲಿಲ್ಲ. ಹಾಳೆಯನ್ನು ಅಲ್ಲೇ ಬಿಟ್ಟು ಮುಂದಿನ ಟೇಬಲ್ಲಿಗೆ ಹೋದರು.

ನಡೆದದ್ದು ಇಷ್ಟೇ. ತಣ್ಣೀರು ಬಿದ್ದಾಗ ಹೊರಗಿನದ್ದು ಮೊದಲು ತಣ್ಣಗಾಗಿ ಸೆಟೆದುಕೊಂಡಿತು. ಒಳಗಿನದ್ದು ಆಮೇಲೆ ತನ್ನ ಪಾಡಿಗೆ ಎಳೆಯಿತು. ತೆಳ್ಳಗಿರುವ ಅಂಗುಳಿನ ಭಾಗ ಒಂದು ವೇಗದಲ್ಲಿ, ಹಲ್ಲಿರುವ ದಪ್ಪ ಭಾಗ ಇನ್ನೊಂದು ವೇಗದಲ್ಲಿ. ಸರಿಯಾದ ಕ್ರಮದಲ್ಲಿ ಫ್ಲಾಸ್ಕನ್ನು ಮೇಜಿನ ಮೇಲೆ ಕನಿಷ್ಠ ಅರ್ಧ ಗಂಟೆ ಹಾಗೇ ಬಿಟ್ಟು, ಆಮೇಲೆ ಕಾಲು ಗಂಟೆ ತಣ್ಣೀರಿನಲ್ಲಿಡಬೇಕು. ಅಕ್ರಿಲೈಸರ್ ಆಫ್ ಮಾಡಿ ರಾತ್ರಿಯಿಡೀ ಅದೇ ನೀರಿನಲ್ಲಿ ಆರಲು ಬಿಟ್ಟರೆ ಇನ್ನೂ ಒಳ್ಳೆಯದು. ನಾನೀಗ ಮಾಡುವುದು ಹಾಗೇ. ಖರ್ಚಿಲ್ಲದೆ ಸೆಟ್ಟಿನ ನಿಖರತೆ ಹೆಚ್ಚಿಸುವ ದಾರಿ ಇದಕ್ಕಿಂತ ಬೇರೆ ಇಲ್ಲ ಅಂತಲೇ ನನ್ನ ಲೆಕ್ಕ.

ಮುಂದೆ ಸಂದಿ ಯಾಕೆ?

ಅಜ್ಜಿಯ ದೂರು ಸೆಟ್ ಬೀಳುತ್ತದೆ ಅಂತಲ್ಲ, ಹಿಂದಿನ ಹಲ್ಲು ಮೊದಲು ತಾಗುತ್ತದೆ ಅಂತ. ಅದಕ್ಕೆ ಕಾರಣ ಕುಗ್ಗುವಿಕೆಯೊಂದೇ ಅಲ್ಲ, ಫ್ಲಾಶ್ ಕೂಡ. ಹಿಟ್ಟು ಸ್ವಲ್ಪ ಗಟ್ಟಿಯಾದ ಮೇಲೆ ತುಂಬಿದರೆ, ಜಾಸ್ತಿ ತುಂಬಿದರೆ, ಅಥವಾ ಪ್ರೆಸ್ಸನ್ನು ದಡಬಡ ತಿರುಗಿಸಿದರೆ ಫ್ಲಾಸ್ಕಿನ ಎರಡು ಹೋಳುಗಳ ನಡುವೆ ತೆಳ್ಳನೆಯ ಫ್ಲಾಶ್ ಉಳಿದುಬಿಡುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ. ಆ ಫ್ಲಾಶ್ ಎಷ್ಟು ದಪ್ಪವೋ ಹಲ್ಲುಗಳು ಅಷ್ಟು ಎತ್ತರಕ್ಕೆ ಹೋಗುತ್ತವೆ.

ದವಡೆಯ ಕೀಲಿರುವುದು ಹಿಂದೆ, ಕಿವಿಯ ಹತ್ತಿರ. ಬಾಗಿಲಿನ ಕೀಲಿನ ಸಂದಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಆಚೆ ತುದಿಯಲ್ಲಿ ಬಾಗಿಲು ಎಷ್ಟು ತೆರೆದುಕೊಂಡಿರುತ್ತದೆ? ಹಾಗೆಯೇ ಹಿಂದಿನ ಹಲ್ಲಿನಲ್ಲಿ ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಮುಂದೆ ದೊಡ್ಡದಾಗಿ ಕಾಣುತ್ತದೆ. ಆರ್ಟಿಕ್ಯುಲೇಟರ್ ಎಂಬ ದವಡೆ ಯಂತ್ರದಲ್ಲಿ ಮುಂದುಗಡೆ ಒಂದು ಪಿನ್ ಇರುತ್ತದೆ. ಟ್ರಯಲ್ ಹೊತ್ತಿನಲ್ಲಿ ಅದು ಕೆಳಗಿನ ತಟ್ಟೆಗೆ ತಾಗಿಕೊಂಡಿತ್ತು. ಅಕ್ರಿಲಿಕ್ ಆದ ಮೇಲೆ ಸೆಟ್ಟನ್ನು ಅಚ್ಚಿನಿಂದ ಬಿಡಿಸದೆ ಹಾಗೇ ವಾಪಸ್ ಯಂತ್ರಕ್ಕೆ ಕೂರಿಸಿ ನೋಡಿ. ಪಿನ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಅರ್ಧ ಮಿಲಿಮೀಟರೋ ಒಂದೋ. ಆಮೇಲೆ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಒಂಚೂರು ಒಂಚೂರೇ ಉಜ್ಜುತ್ತಾ, ಪಿನ್ ಮತ್ತೆ ತಟ್ಟೆಗೆ ತಾಗುವವರೆಗೆ ಸರಿಮಾಡಬೇಕು. ಇದಕ್ಕೆ ರಿಮೌಂಟ್ ಅನ್ನುತ್ತಾರೆ. ಪುಸ್ತಕಗಳಲ್ಲೆಲ್ಲ ಇದೆ. ಅವಸರದ ಲ್ಯಾಬಿನಲ್ಲಿ ಮೊದಲು ಕೈಬಿಡುವುದೂ ಇದನ್ನೇ.

ಬೇರೆ ದಾರಿಗಳು

ಬಿಸಿ ಇಳಿಯುವಾಗಿನ ಕುಗ್ಗುವಿಕೆಯೇ ಖಳನಾಯಕ ಅಂದಮೇಲೆ ಬಿಸಿಯನ್ನೇ ಬಿಟ್ಟುಬಿಟ್ಟರೆ? ಅದೇ ಕೋಲ್ಡ್ ಕ್ಯೂರ್. ದ್ರವದಲ್ಲಿ ಅಮೀನ್ ಎಂಬ ಒಂದು ರಾಸಾಯನಿಕ ಸೇರಿಸಿರುತ್ತಾರೆ, ಕಲಸಿದರೆ ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಉದ್ದದ ಕುಗ್ಗುವಿಕೆ ಹೀಟ್ ಕ್ಯೂರಿನ ಅರ್ಧದಷ್ಟು, ಸುಮಾರು ಶೇಕಡ 0.26. ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಬಳಸುವುದಿಲ್ಲ? ಯಾಕಂದರೆ ಕ್ರಿಯೆ ಪೂರ್ತಿಯಾಗುವುದಿಲ್ಲ. ಚೆನ್ನಾಗಿ ಬೆಂದ ಹೀಟ್ ಕ್ಯೂರ್‌ನಲ್ಲಿ ಮಾನೊಮರ್ ಶೇಕಡ ಅರ್ಧಕ್ಕಿಂತ ಕಡಿಮೆ ಉಳಿದರೆ, ಇದರಲ್ಲಿ ಶೇಕಡ 3ರಿಂದ 5ರಷ್ಟು ಉಳಿಯುತ್ತದೆ. ಅದು ಕೆಲವರ ವಸಡಿಗೆ ಉರಿ ಕೊಡುತ್ತದೆ, ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ. ಇವತ್ತು ಚೆನ್ನಾಗಿ ಕೂತ ಸೆಟ್ ದಿನ ಕಳೆದಂತೆ ಅಗಿಯುವ ಭಾರಕ್ಕೆ ಬಾಗುತ್ತದೆ. ಮುರಿದ ಸೆಟ್ ಜೋಡಿಸಲು ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ, ಯಾಕಂದರೆ ಹಳೆಯ ಸೆಟ್ಟನ್ನು ಮತ್ತೆ ಬೇಯಿಸಿ ತಿರುಚಿಸುವ ಗೋಜಿಲ್ಲ.

ಕೋಲ್ಡ್ ಕ್ಯೂರನ್ನೇ ತೆಳ್ಳಗೆ ಕಲಸಿ, ಅಗರ್‌ನಂಥ ಜೆಲ್ಲಿಯ ಅಚ್ಚಿಗೆ ಹುಯ್ಯುವ ಪದ್ಧತಿಯೂ ಇದೆ. ಕೆಲಸ ಬೇಗ, ಬಿಚ್ಚುವುದು ಸುಲಭ. ಆದರೆ ಜೆಲ್ಲಿ ಹಲ್ಲುಗಳನ್ನು ಪ್ಲಾಸ್ಟರಿನ ಹಾಗೆ ಬಿಗಿಯಾಗಿ ಹಿಡಿಯುವುದಿಲ್ಲ. ಹಲ್ಲು ಅಲ್ಲಿಂದಿಲ್ಲಿಗೆ ಸರಿದುಬಿಡುವ ಅಪಾಯ ಜಾಸ್ತಿ.

ನನಗೆ ಬಹಳ ಇಷ್ಟವಾದದ್ದು ಇಂಜೆಕ್ಷನ್ ವಿಧಾನದ ತರ್ಕ. 1942ರಲ್ಲೇ ಪ್ರಯರ್ ಎಂಬವರು ಇದರ ದಾರಿ ತೋರಿಸಿದ್ದರು. ಆಮೇಲೆ ಇವೊಕ್ಲಾರ್ ಕಂಪನಿಯ ಇವೊಕ್ಯಾಪ್ ಇದನ್ನು ಪಳಗಿಸಿತು. ಇಲ್ಲಿ ಫ್ಲಾಸ್ಕನ್ನು ಮೊದಲೇ ಮುಚ್ಚಿ ಬಿಗಿದುಬಿಡುತ್ತಾರೆ. ಅಕ್ರಿಲಿಕ್ ಒಂದು ಕೊಳವೆಯ ಮೂಲಕ, ಸುಮಾರು 6 ಬಾರ್ ಒತ್ತಡದಲ್ಲಿ, ಒಳಗೆ ಹೋಗುತ್ತದೆ. ಎರಡು ಹೋಳಿನ ನಡುವೆ ಫ್ಲಾಶ್ ಉಳಿಯುವ ಪ್ರಶ್ನೆಯೇ ಕಡಿಮೆ. ಆದ್ದರಿಂದ ಪಿನ್ ಅಷ್ಟಾಗಿ ಏಳುವುದಿಲ್ಲ.

ಜಾಣತನ ಇರುವುದು ಅಲ್ಲಿ ಮಾತ್ರವಲ್ಲ. ತುಪ್ಪದ ಗುಳಿ ನೆನಪಿದೆಯಲ್ಲ? ಇಲ್ಲಿ ಶಾಖವನ್ನು ಮುಂದಿನ ಹಲ್ಲುಗಳ ಕಡೆಯಿಂದ ಕೊಡುತ್ತಾ ಬರುತ್ತಾರೆ. ಅಕ್ರಿಲಿಕ್ ಅಲ್ಲಿ ಮೊದಲು ಗಟ್ಟಿಯಾಗುತ್ತದೆ, ಕೊಳವೆಯ ಬಾಯಲ್ಲಿ ಕೊನೆಗೆ. ಒಳಗೆ ಕುಗ್ಗಿದಷ್ಟನ್ನೂ ಒತ್ತಡ ಕೊಳವೆಯಿಂದ ಹೊಸ ಅಕ್ರಿಲಿಕ್ ತಳ್ಳಿ ತುಂಬುತ್ತಲೇ ಇರುತ್ತದೆ. ಗುಳಿ ಬೀಳುವುದು ಸೆಟ್ಟಿನ ಆಚೆ, ಕತ್ತರಿಸಿ ಎಸೆಯುವ ಕಡ್ಡಿಯಲ್ಲಿ. 35 ನಿಮಿಷ ಕುದಿನೀರಿನಲ್ಲಿ ಬೆಂದ ಮೇಲೂ ತಣ್ಣಗಾಗುವವರೆಗೆ ಒತ್ತಡ ಬಿಡುವುದಿಲ್ಲ. ಹಾಗಂತ ಇದು ಮಾಯೆಯೇನಲ್ಲ. ರಾಸಾಯನಿಕ ಕುಗ್ಗುವಿಕೆಯನ್ನು ತುಂಬಿಕೊಡುತ್ತದೆ, ಗಟ್ಟಿಯಾದ ಮೇಲೆ ಬಿಸಿ ಇಳಿಯುವಾಗಿನದ್ದನ್ನು ಇದೂ ಪೂರ್ತಿ ತಪ್ಪಿಸಲಾರದು.

ಮೈಕ್ರೋವೇವ್‌ನಲ್ಲೂ ಬೇಯಿಸಬಹುದು. ಜಪಾನಿನ ನಿಶಿ 1968ರಲ್ಲಿ ಇದನ್ನು ವರದಿ ಮಾಡಿದರು. ಲೋಹದ ಫ್ಲಾಸ್ಕ್ ಆಗುವುದಿಲ್ಲ, ನಾರು ಸೇರಿಸಿದ ಪ್ಲಾಸ್ಟಿಕ್ ಫ್ಲಾಸ್ಕ್ ಬೇಕು. 500 ವ್ಯಾಟ್‌ನಲ್ಲಿ 3 ನಿಮಿಷ ಅನ್ನುವುದು ಚೆನ್ನಾಗಿ ಬಳಕೆಯಲ್ಲಿರುವ ಅಳತೆ. ಗಂಟೆಗಟ್ಟಲೆ ಕೆಲಸ ನಿಮಿಷಕ್ಕೆ ಇಳಿಯಿತು, ನಿಖರತೆ ಹೆಚ್ಚುಕಡಿಮೆ ನೀರಿನಲ್ಲಿ ಬೇಯಿಸಿದ್ದರಷ್ಟೇ. ಮಾಮೂಲಿ ಅಕ್ರಿಲಿಕ್ ಹಾಕಿದರೆ ದಪ್ಪ ಕಡೆ ಗುಳ್ಳೆ ಬರುತ್ತದೆ.

ಇನ್ನು ಕಂಪ್ಯೂಟರ್. ಇಲ್ಲಿ ಪ್ರಶ್ನೆಯನ್ನೇ ಬದಲಿಸಿದ್ದಾರೆ. ಕಾರ್ಖಾನೆಯಲ್ಲಿ ಭಾರೀ ಒತ್ತಡದಲ್ಲಿ ಬೇಯಿಸಿ, ಕುಗ್ಗುವುದೆಲ್ಲ ಮುಗಿದ ಅಕ್ರಿಲಿಕ್ ಬಿಲ್ಲೆ ಬರುತ್ತದೆ. ಬಾಯಿಯ ಸ್ಕ್ಯಾನ್ ನೋಡಿಕೊಂಡು ಯಂತ್ರ ಅದರಿಂದ ಸೆಟ್ ಕೊರೆಯುತ್ತದೆ. ಹಸಿ ಇಟ್ಟಿಗೆ ಸುಡುವುದಕ್ಕೂ ಕಲ್ಲು ಕೆತ್ತುವುದಕ್ಕೂ ಇರುವ ವ್ಯತ್ಯಾಸ ಇದು. ಇಟ್ಟಿಗೆ ಸುಟ್ಟಾಗ ಕುಗ್ಗುತ್ತದೆ, ಕೆತ್ತಿದ ಕಲ್ಲು ಹೇಗಿತ್ತೋ ಹಾಗೇ. ಪ್ಯಾಕಿಂಗ್, ಹುಯ್ಯುವುದು, ಇಂಜೆಕ್ಷನ್, ಕೊರೆಯುವುದು ಇವನ್ನು ಪಕ್ಕಪಕ್ಕ ಇಟ್ಟು ಅಳೆದ ಅಧ್ಯಯನಗಳಲ್ಲಿ ವಸಡಿನ ಕಡೆಯ ಮೈ ಅಚ್ಚಿಗೆ ಹೊಂದುವುದರಲ್ಲಿ ಕೊರೆದದ್ದು ಮುಂದೆ ನಿಂತಿದೆ. ಹಲ್ಲನ್ನು ಬೇರೆಯಾಗಿ ಗುಳಿಯಲ್ಲಿ ಅಂಟಿಸುವ ಕಡೆ ಮತ್ತೆ ಮನುಷ್ಯನ ಕೈ ಬರುತ್ತದೆ, ತಪ್ಪಿಗೂ ಜಾಗವಾಗುತ್ತದೆ.

ತ್ರೀಡಿ ಪ್ರಿಂಟಿಂಗ್ ಇದರ ತಮ್ಮನಂತೆ ಕಂಡರೂ ಜಾತಿಯೇ ಬೇರೆ. ಅದರಲ್ಲಿ ದ್ರವವನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುತ್ತಾರೆ. ಅಂದರೆ ಕುಗ್ಗುವಿಕೆ ಮತ್ತೆ ಮನೆಯೊಳಗೆ ಬಂತು. ಯಾವ ಕೋನದಲ್ಲಿ ನಿಲ್ಲಿಸಿ ಪ್ರಿಂಟ್ ಮಾಡಿದರು, ಆಸರೆ ಕಡ್ಡಿ ಎಲ್ಲಿ ಕೊಟ್ಟರು, ಆಮೇಲೆ ಬೆಳಕಿನ ಪೆಟ್ಟಿಗೆಯಲ್ಲಿ ಎಷ್ಟು ಹೊತ್ತು ಇಟ್ಟರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ದುಬಾರಿ ಸೆಟ್ಟೇ ಮಾಡಿಸಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಈ ವಿಧಾನಗಳ ನಡುವಿನ ಅಂತರ ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿದೆ. ಅಳತೆ ತೆಗೆಯುವಾಗ ಆಗುವ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದಿರಬಹುದು. ಅಳತೆ ಚೆನ್ನಾಗಿ ತೆಗೆದು, ರಾತ್ರಿಯಿಡೀ ಆರಲು ಬಿಟ್ಟು, ರಿಮೌಂಟ್ ಮಾಡಿದ ಸಾದಾ ಪ್ಯಾಕಿಂಗ್ ಸೆಟ್ಟಿಗೇ ನನ್ನ ಓಟು, ಅವಸರದ ಡಿಜಿಟಲ್ ಸೆಟ್ಟಿಗಲ್ಲ. ಅಂಗುಳು ತುಂಬಾ ಆಳವಿರುವವರಿಗೆ, ವಸಡಿನ ದಿಂಡು ಸವೆದು ಹಿಡಿತವೇ ಇಲ್ಲದವರಿಗೆ ಮಾತ್ರ ಆ ಹತ್ತನೇ ಭಾಗವೂ ಬೆಲೆಯುಳ್ಳದ್ದು.

ನೀರಿನ ಉಪಕಾರ

ಒಂದು ಸಮಾಧಾನದ ಸಂಗತಿ ಇದೆ. ಅಕ್ರಿಲಿಕ್ ನಿಧಾನಕ್ಕೆ ನೀರು ಕುಡಿಯುತ್ತದೆ. ನೀರಿನಿಂದ ತೂಕ ಶೇಕಡ 1 ಹೆಚ್ಚಾದರೆ ಉದ್ದ ಶೇಕಡ 0.23 ಹಿಗ್ಗುತ್ತದೆ. ಲ್ಯಾಬಿನಲ್ಲಿ ಕುಗ್ಗಿದ್ದರ ಒಂದು ಪಾಲನ್ನು ನೀರು ಹೀಗೆ ವಾಪಸ್ ಕೊಡುತ್ತದೆ. ಪೂರ್ತಿ ನೀರು ಹೀರಲು ಎರಡು ವಾರದ ಮೇಲೆಯೇ ಬೇಕು. ಆದ್ದರಿಂದ ಸೆಟ್ಟನ್ನು ಲ್ಯಾಬಿನಿಂದ ಒಣಗಿಸಿ ಕಳಿಸಬಾರದು, ಮನೆಯಲ್ಲೂ ರಾತ್ರಿ ಬಿಚ್ಚಿಟ್ಟಾಗ ನೀರಿನ ಬಟ್ಟಲಲ್ಲೇ ಇಡಬೇಕು. ಕಪಾಟಿನಲ್ಲಿ ಒಣಗಲು ಬಿಟ್ಟರೆ ಹಿಗ್ಗಿದ್ದು ಮತ್ತೆ ಕುಗ್ಗುತ್ತದೆ.

ಆದರೆ ಆ ನೀರು ಬಿಸಿಯಿರಬಾರದು. ಕ್ರಿಮಿ ಸಾಯಲಿ ಅಂತ ಸೆಟ್ಟನ್ನು ಕುದಿನೀರಿಗೆ ಹಾಕುವವರಿದ್ದಾರೆ. ಒಳಗೆ ಉಳಿದಿದ್ದ ಬಿಗುವೆಲ್ಲ ಆ ಬಿಸಿಗೆ ಬಿಚ್ಚಿಕೊಂಡು ಸೆಟ್ ಸೊಟ್ಟಗಾಗುತ್ತದೆ. ಪಾಲಿಶ್ ಮಾಡುವಾಗ ಚಕ್ರವನ್ನು ಒಂದೇ ಕಡೆ ಒತ್ತಿ ಹಿಡಿದರೂ ಇದೇ ಗತಿ.

ಅಜ್ಜಿಯ ಸೆಟ್ಟಿಗೆ ವಾಪಸ್ ಬರೋಣ. ಬಾಯಲ್ಲಿಟ್ಟುಕೊಂಡೇ ಉಜ್ಜಿ ಸರಿಮಾಡಬಹುದಿತ್ತು, ಆದರೆ ವಸಡಿನ ಮೇಲೆ ಸೆಟ್ ಸರಿಯುವುದರಿಂದ ಗುರುತು ಸುಳ್ಳು ಹೇಳುತ್ತದೆ. ಹೊಸದಾಗಿ ಬೈಟ್, ಅಂದರೆ ಕಚ್ಚುವಾಗಿನ ಅಳತೆ, ತೆಗೆದು, ಆರ್ಟಿಕ್ಯುಲೇಟರ್‌ಗೆ ಕೂರಿಸಿದೆ. ಬಲಗಡೆಯ ಎರಡನೇ ದವಡೆ ಹಲ್ಲಿನ ಮೇಲೆ ದಟ್ಟ ನೀಲಿ ಗುರುತು. ಉಳಿದ ಹಲ್ಲುಗಳ ಮೇಲೆ ಏನೂ ಇಲ್ಲ. ಉಜ್ಜಿದೆ, ಕಚ್ಚಿಸಿದೆ, ಮತ್ತೆ ಉಜ್ಜಿದೆ. ಅರ್ಧ ಗಂಟೆಗೆ ಎರಡೂ ಕಡೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆ ಬಂದವು.

ಅಜ್ಜಿ ಎರಡು ಸಲ ಕಟಕಟ ಕಚ್ಚಿ ನೋಡಿದರು. ಹೂಂ ಅಂದರು. ಕೋಡುಬಳೆ ತಿನ್ನಬಹುದಾ ಅಂತ ಕೇಳಿದರು. ಒಂದು ವಾರ ಬೇಡ ಅಜ್ಜಿ, ಮೆತ್ತಗಿರೋದು ತಿನ್ನಿ, ಅನ್ನ, ಮುದ್ದೆ ಅಂದೆ.

“ಮುದ್ದೆ ನುಂಗೋಕೆ ನಿನ್ ಸೆಟ್ ಯಾಕಪ್ಪಾ ಬೇಕು?” ಅಂದು ಚೀಲ ಎತ್ತಿಕೊಂಡರು.